ಕುಡಚಿ ಬದನೆಯಿಂದ ನಗೋಯಾದವರೆಗೆ

ಕುಡಚಿ ಬೆಳಗಾವಿ ಜಿಲ್ಲೆಯ ಊರು, ರಬಕವಿ ಬಾಗಲಕೋಟೆಯದು. ಎರಡೂ ಊರುಗಳ ಹೆಸರಿನ ಬದನೆ ತಳಿಗಳಿವೆ. ಗಿಡದಲ್ಲೇ ಹಳದಿಗೆ ತಿರುಗಿದ ಕಾಯಿಯನ್ನು ಒಡೆದು, ಬೀಜ ತೊಳೆದು, ಒಣಗಿಸಿ, ಬೂದಿ ಬೆರೆಸಿ ಕಾದಿಟ್ಟುಕೊಂಡು ಬಂದ ರೈತರಿಂದಲೇ ಇಂಥ ತಳಿಗಳು ಉಳಿದಿರುವುದು. ಈ ಎರಡೂ ಸೇರಿದಂತೆ ರಾಜ್ಯದ ಕೆಲವು ತಳಿಗಳನ್ನು ಕಾನೂನಿನಂತೆ ಅನುಮತಿ ಪಡೆಯದೆ ಬಿಟಿ ಬದನೆಗೆ (ಕೀಟ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ) ಬಳಸಲಾಗಿದೆ ಎಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಮಹಿಕೋ ಎಂಬ ಬೀಜ ಕಂಪನಿಯ ಜೊತೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರೂ ಆ ದೂರಿನಲ್ಲಿತ್ತು.

ಅನುಮತಿ ಕೇಳಬೇಕೆಂಬ ನಿಯಮವೇ ತೀರ ಹಳೆಯದಲ್ಲ. 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಸ್ಯ ತಳಿಸಂಪತ್ತನ್ನು ಮನುಕುಲದ ಸಮಾನ ಆಸ್ತಿ ಎಂದು ಒಪ್ಪಿಕೊಂಡಿತ್ತು. ಕೇಳಲು ಉದಾರವಾದ ಮಾತು. ಆದರೆ ರೈತನ ಬೀಜ ಎಲ್ಲರ ಸ್ವತ್ತಾಗಿ, ಅದರಿಂದ ಹೊರಬಂದ ಹೊಸ ತಳಿ ಮಾತ್ರ ಕಂಪನಿಯ ಸ್ವತ್ತಾಗುತ್ತಿತ್ತು. ಈ ಅಸಮಾಧಾನದ ನಡುವೆಯೇ 1992ರ ರಿಯೊ ಸಮಾವೇಶದಲ್ಲಿ ಸಹಿಗೆ ತೆರೆದುಕೊಂಡ ಜೀವವೈವಿಧ್ಯ ಒಪ್ಪಂದವು ತಳಿಸಂಪತ್ತಿನ ಮೇಲೆ ಆಯಾ ದೇಶಕ್ಕೇ ಸಾರ್ವಭೌಮ ಹಕ್ಕಿದೆ ಎಂದಿತು. ಬಳಸುವವರು ಮೊದಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ಬಂದ ಲಾಭವನ್ನು ಪರಸ್ಪರ ಒಪ್ಪಿದ ಷರತ್ತಿನಂತೆ ಹಂಚಿಕೊಳ್ಳಬೇಕು. ಇದನ್ನು ಪಾಲಿಸುವ ವಿಧಾನ ಸ್ಪಷ್ಟವಾದದ್ದು 2010ರ ಅಕ್ಟೋಬರ್‌ನಲ್ಲಿ ಜಪಾನಿನ ನಗೋಯಾದಲ್ಲಿ. ಅಲ್ಲಿ ಒಪ್ಪಿಕೊಂಡ ನಗೋಯಾ ಶಿಷ್ಟಾಚಾರ (ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ) ಜಾರಿಗೆ ಬಂದದ್ದು 2014ರ ಅಕ್ಟೋಬರ್ 12ರಂದು. ಆಹಾರ ಬೆಳೆಗಳಿಗೆ 2001ರ ಪ್ರತ್ಯೇಕ ಒಪ್ಪಂದವಿದೆ. ವಿಜಯಪುರದ ಹೊಲಗಳಲ್ಲಿ ಬೆಳೆಯುವ ಜೋಳವೂ ಬದನೆಯೂ ಅದರ ಪಟ್ಟಿಯಲ್ಲಿವೆ.

ಭಾರತವಂತೂ ನಗೋಯಾಕ್ಕೆ ಕಾಯದೆ 2002ರಲ್ಲೇ ಜೀವವೈವಿಧ್ಯ ಕಾಯ್ದೆ ಮಾಡಿತ್ತು. ವಿದೇಶಿ ಪಾಲಿರುವ ಕಂಪನಿಗಳು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕಿತ್ತು, ಪ್ರಾಧಿಕಾರ ಆ ಸಮಿತಿಯೊಡನೆ ಸಮಾಲೋಚಿಸಬೇಕಿತ್ತು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ಸೊರಗಿದ್ದು ಇಲ್ಲೇ: ಸಮಿತಿಗಳ ರಚನೆ ಎಷ್ಟು ಹಿಂದೆ ಬಿದ್ದಿತ್ತೆಂದರೆ, ಹಸಿರು ನ್ಯಾಯಮಂಡಳಿ 2020ರ ಜನವರಿ ಅಂತ್ಯದ ಗಡುವು ಹಾಕಬೇಕಾಯಿತು. ಬದನೆ ಪ್ರಕರಣದಲ್ಲಿ ಕಾನೂನು ಕ್ರಮಕ್ಕೆ ಪ್ರಾಧಿಕಾರ 2011ರಲ್ಲಿ ನಿರ್ಧರಿಸಿತು. 2023ರ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು.

ಈಗ ಬೀಜ ಊರು ಬಿಡುವ ಅಗತ್ಯವೂ ಇಲ್ಲ. ಅದರ ಜೀನ್ ಅನುಕ್ರಮ ಕಂಪ್ಯೂಟರಿಗೆ ಏರಿದ್ದರೆ ಸಾಕಾಗುವ ಸಂಶೋಧನೆಗಳಿವೆ. ಇಂಥ ಬಳಕೆಗಾಗಿ 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಒಂದು ನಿಧಿಯನ್ನು ಒಪ್ಪಿಕೊಳ್ಳಲಾಯಿತು. ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1ರಷ್ಟನ್ನು ಅದಕ್ಕೆ ಕೊಡಬೇಕೆಂಬ ಸೂಚನೆಯಿದೆ, ಕಡ್ಡಾಯವಿಲ್ಲ.