ಕಣ್ಗಾವಲು: ಕಾಯುವ ಮಾತು

‘ಜ್ವರದಿಂದ ಬಳಲುತ್ತಿದ್ದ ಮೂವರನ್ನು ಕಣ್ಗಾವಲಿನಲ್ಲಿ ಇರಿಸಲಾಗಿದೆ.’ ಇಂಥ ಸಾಲನ್ನು ಈ ವಾರ ಮತ್ತೆ ಓದಿದೆ. ಆ ಮೂವರು ಇರುವುದು ನಿಗಾದಲ್ಲಿ. ಸಾರ್ವಜನಿಕ ಆರೋಗ್ಯದವರು ಕಣ್ಗಾವಲು ಎಂದಾಗ ಅವರ ಕಣ್ಣು ಇರುವುದು ರೋಗದ ಓಡಾಟದ ಮೇಲೆ.

ಪದವನ್ನು ಬಿಡಿಸಿ ನೋಡಿ. ಕಣ್ ಮತ್ತು ಕಾವಲು ಸೇರಿ, ಮಳೆಗಾಲದಲ್ಲಿ ಆದಂತೆಯೇ ಆದೇಶ ಸಂಧಿಯಿಂದ ಕಕಾರ ಗಕಾರವಾಗಿದೆ. ಕಾವಲಿನ ಬೇರು ‘ಕಾಯ್’. ಗದ್ದೆ ಕಾಯುತ್ತೇವೆ, ದನ ಕಾಯುತ್ತೇವೆ, ದೇವರು ಕಾಯಲಿ ಎನ್ನುತ್ತೇವೆ. ಎದುರುನೋಡುವುದೂ ಕಾಪಾಡುವುದೂ ಒಂದೇ ಧಾತುವಿನಲ್ಲಿವೆ. ಗದ್ದೆಯ ಅಟ್ಟಣೆಯಲ್ಲಿ ಕೂತವನು ಹಂದಿ ಕಂಡ ಕೂಡಲೇ ಕೂಗು ಹಾಕಬೇಕು. ಎಣಿಸಿಕೊಂಡು ಸುಮ್ಮನಿದ್ದರೆ ಅವನನ್ನು ಕಾವಲಿನವನು ಎನ್ನುವುದಿಲ್ಲ. ಕಣ್ಗಾವಲನ್ನೇ ಕೆಲವರು ‘ಆರೋಗ್ಯ ಬೇಹುಗಾರಿಕೆ’ ಎಂದು ಬರೆಯುತ್ತಾರೆ. ದಯವಿಟ್ಟು ಬೇಡ. ಬೇಹುಗಾರ ಮರೆಯಲ್ಲಿರುತ್ತಾನೆ, ಕಾವಲುಗಾರನನ್ನು ಊರೇ ಬಲ್ಲದು. ಆಶಾ ಕಾರ್ಯಕರ್ತೆಗೆ ಬೇಹಿನ ಹೆಸರು ಅಂಟಿದರೆ ಯಾರು ತಾನೆ ಮನೆಯ ಜ್ವರ ಹೇಳಿಕೊಂಡಾರು?

ಇಂಗ್ಲಿಷಿನ ‘ಸರ್ವೇಲನ್ಸ್’ ಕೂಡ ಹಿಂದೆ ರೋಗಿಯ ಸಂಪರ್ಕಕ್ಕೆ ಬಂದವರ ಮೇಲೆ ಕಣ್ಣಿಡುವ ಕೆಲಸವೇ ಆಗಿತ್ತು. ಅದನ್ನು ರೋಗದ ಕಡೆಗೆ ತಿರುಗಿಸಿ 1963ರಲ್ಲಿ ವಿವರಿಸಿದವರು ಅಮೆರಿಕದ ಸಾಂಕ್ರಾಮಿಕ ರೋಗತಜ್ಞ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್. ಮಾಹಿತಿಯನ್ನು ಬಿಡದೆ ಕೂಡಿಸಬೇಕು, ಅಳೆದು ನೋಡಬೇಕು, ತಿಳಿಯಬೇಕಾದವರಿಗೆಲ್ಲ ತಲುಪಿಸಬೇಕು. ಮೂರನೆಯದನ್ನೇ ನಾವು ಮರೆಯುತ್ತೇವೆ. ದೇಶದ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ ಶುರುವಾದದ್ದು 2004ರಲ್ಲಿ.

ಮಲೆನಾಡಿನವರಿಗೆ ಇಷ್ಟೆಲ್ಲ ವಿವರಣೆ ಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಅದೇ ಮಂಗನ ಕಾಯಿಲೆ. ಅಂದಿನಿಂದ ಅಲ್ಲಿ ಸತ್ತ ಮಂಗವೇ ಒಂದು ಸುದ್ದಿ. ಮಂಗ ಸತ್ತ ಮೇಲೆ ಮೈಮೇಲಿನ ಉಣುಗುಗಳು ಉದುರಿ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೊಪ್ಪಿಗೆ, ಸೌದೆಗೆ ಬಂದವರ ಕಾಲು ಹತ್ತಿ, ಕಚ್ಚಿ ರೋಗ ಅಂಟಿಸುತ್ತವೆ. ದನ ಹುಡುಕಿಕೊಂಡು ಹೋದವನೊಬ್ಬ ಕೊಳೆತ ವಾಸನೆ ಹಿಡಿದು ಮಂಗದ ಹೆಣ ಕಂಡು, ಮುಟ್ಟದೆ ಬಂದು ಊರಿನಲ್ಲಿ ಹೇಳುತ್ತಾನಲ್ಲ, ಕಣ್ಗಾವಲು ಅಲ್ಲಿಂದ ಮೊದಲಾಗುತ್ತದೆ. ಆ ಮಾತು ಆರೋಗ್ಯ ಕೇಂದ್ರ ಮುಟ್ಟಬೇಕು, ಉಣುಗುಗಳು ಪರೀಕ್ಷೆಗೆ ಹೋಗಬೇಕು, ಆ ಜಾಗಕ್ಕೆ ಹೋಗಬೇಡಿ ಎಂದು ಮನೆಮನೆಗೆ ತಿಳಿಯಬೇಕು.

ಯೋಜನೆ ಎಂಬ ಮಾತು ಬರುವುದೂ ಇಲ್ಲೇ. ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿಗಳು ಕೊಯ್ಲು ಮುಗಿಯುವ ಮೊದಲೇ ಆ ಮನೆಗಳ ಜಗಲಿಯಲ್ಲಿ ಇರಬೇಕು.