ಒಂದು ಬೈಟ್ ತಪ್ಪಿದರೂ ಸಹಿ ತಾಳೆಯಾಗದು

ಆನ್‌ಲೈನ್ ಅಂಗಡಿಯಲ್ಲಿ ಹಣ ಕಟ್ಟಿದ ಮೇಲೆ ‘ಪಾವತಿ ಯಶಸ್ವಿ’ ಎಂಬ ಪುಟ ಬರುತ್ತದೆ. ಆ ಸುದ್ದಿಯನ್ನು ಅಂಗಡಿಯ ಸರ್ವರಿಗೆ ಮುಟ್ಟಿಸುವುದು ಹೆಚ್ಚಾಗಿ ಗಿರಾಕಿಯ ಬ್ರೌಸರೇ. ಬ್ರೌಸರ್ ಗಿರಾಕಿಯ ಕೈಯಲ್ಲಿದೆ. ಅದು ಕಳಿಸುವ ರಿಕ್ವೆಸ್ಟನ್ನು ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ತಿದ್ದಬಹುದು, ಕಟ್ಟದ ಹಣವನ್ನು ಕಟ್ಟಿದ್ದೇನೆ ಎಂದು ಹೇಳಿಸಬಹುದು. ಹಾಗಾದರೆ ಸರ್ವರ್ ಯಾವ ಆಧಾರದ ಮೇಲೆ ನಂಬಬೇಕು?

ಬೆಂಗಳೂರಿನ ಆನ್‌ಲೈನ್ ಪಾವತಿ ಕಂಪನಿ ರೇಜರ್‌ಪೇ ಅನುಸರಿಸುವ ಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಪಾವತಿ ಮುಗಿದಾಗ ಬ್ರೌಸರಿಗೆ ಆರ್ಡರ್ ಐಡಿ, ಪೇಮೆಂಟ್ ಐಡಿಗಳ ಜೊತೆ ಒಂದು ಸಹಿಯೂ ಸಿಗುತ್ತದೆ. ನೋಡಲು ಅದು 64 ಅಕ್ಷರಗಳ ಅರ್ಥವಿಲ್ಲದ ಸಾಲು. ಅಂಗಡಿಯ ಸರ್ವರ್ ಆರ್ಡರ್ ಐಡಿ, ಒಂದು ‘|’ ಗೆರೆ, ಪೇಮೆಂಟ್ ಐಡಿ, ಈ ಮೂರನ್ನೂ ಖಾಲಿ ಜಾಗ ಬಿಡದೆ ಜೋಡಿಸಿ, ತನಗೂ ರೇಜರ್‌ಪೇಗೂ ಮಾತ್ರ ಗೊತ್ತಿರುವ ಸೀಕ್ರೆಟ್ ಕೀ ಹಾಕಿ ಎಚ್‌ಮ್ಯಾಕ್-ಶಾ256 ಎಂಬ ಸಹಿಯ ಲೆಕ್ಕ ಮಾಡುತ್ತದೆ. ಬಂದ ಉತ್ತರ ಆ ಸಹಿಗೆ ತಾಳೆಯಾದರೆ, ಕೀ ಗೊತ್ತಿರುವವರೇ ಅದನ್ನು ಹಾಕಿದ್ದಾರೆ ಎಂದಾಯಿತು. ಇಲ್ಲೊಂದು ಎಚ್ಚರ ಬೇಕು. ಆರ್ಡರ್ ಐಡಿಯನ್ನು ಬ್ರೌಸರ್ ಕೊಟ್ಟದ್ದರಿಂದ ತೆಗೆದುಕೊಳ್ಳಬಾರದು, ಸರ್ವರಿನ ಡೇಟಾಬೇಸಿನಿಂದಲೇ ತೆಗೆಯಬೇಕು. ಇಲ್ಲದಿದ್ದರೆ ಹಿಂದೆ ಹತ್ತು ರೂಪಾಯಿ ಕಟ್ಟಿದಾಗ ಸಿಕ್ಕ ಅಪ್ಪಟ ಸಹಿಯನ್ನೇ ಇವತ್ತಿನ ಹತ್ತು ಸಾವಿರದ ಆರ್ಡರಿಗೆ ತಂದು ಅಂಟಿಸಬಹುದು. ಸಹಿ ಸುಳ್ಳಲ್ಲ, ಆದರೆ ಅದು ಬೇರೆ ಆರ್ಡರಿನದು.

ಕೀಯನ್ನೂ ಸಂದೇಶವನ್ನೂ ಒಟ್ಟಿಗೆ ಜೋಡಿಸಿ ಒಂದು ಹ್ಯಾಶ್ (ಎಷ್ಟೇ ದೊಡ್ಡ ಸಂದೇಶವನ್ನೂ ನಿಗದಿತ ಉದ್ದದ ಸಾಲಾಗಿಸುವ ಲೆಕ್ಕ) ತೆಗೆದರೆ ಸಾಲದೇ ಎಂದು ಯಾರಿಗಾದರೂ ಅನಿಸುತ್ತದೆ. ಸಾಲದು. ಎಂಡಿ5, ಶಾ-1, ಶಾ-256 ಎಂಬ ಹ್ಯಾಶ್ ವಿಧಾನಗಳು ಮೂರೂ ಸಂದೇಶವನ್ನು 64 ಬೈಟ್‌ಗಳ ತುಂಡು ಮಾಡಿ ಒಂದೊಂದಾಗಿ ಅರೆಯುತ್ತವೆ. ಕೊನೆಯ ತುಂಡು ಮುಗಿದಾಗ ಒಳಗಿನ ಸ್ಥಿತಿ ಏನಿದೆಯೋ ಅದೇ ಉತ್ತರವಾಗಿ ಹೊರಬರುತ್ತದೆ. ಆ ಉತ್ತರ ಕೈಗೆ ಸಿಕ್ಕವರು, ಕೀಯ ಉದ್ದವನ್ನು ಊಹಿಸಿದರೆ ಸಾಕು, ಕೀ ಗೊತ್ತಿಲ್ಲದೆಯೇ ಅಲ್ಲಿಂದ ಮುಂದಕ್ಕೆ ಅರೆದು ಸಂದೇಶದ ಬಾಲಕ್ಕೆ ತಮಗೆ ಬೇಕಾದ್ದನ್ನು ಸೇರಿಸಿ ಹೊಸ ಸಹಿ ಹುಟ್ಟಿಸಬಹುದು. 2009ರಲ್ಲಿ ಭದ್ರತಾ ಸಂಶೋಧಕರಾದ ಥಾಯ್ ಡುವಾಂಗ್ ಮತ್ತು ಜೂಲಿಯಾನೊ ರಿಜ್ಜೊ ಫೋಟೊ ತಾಣವಾದ ಫ್ಲಿಕರ್‌ನ ಎಪಿಐ (ಬೇರೆ ಪ್ರೋಗ್ರಾಮ್‌ಗಳು ತಾಣದ ಸೇವೆ ಕೇಳುವ ದಾರಿ) ಸಹಿಯಲ್ಲಿ ತೋರಿಸಿಕೊಟ್ಟದ್ದು ಈ ದೋಷವನ್ನೇ. ಅಲ್ಲಿ ಕೀ ಮುಂದೆ, ಸಂದೇಶ ಹಿಂದೆ ಇಟ್ಟು ಎಂಡಿ5 ತೆಗೆಯುತ್ತಿದ್ದರು. ಪರಿಹಾರ ಅದಕ್ಕೂ ಬಹಳ ಮೊದಲೇ ಇತ್ತು. ಬೆಲ್ಲಾರೆ, ಕ್ಯಾನೆಟ್ಟಿ, ಕ್ರಾಚಿಕ್ 1996ರಲ್ಲಿ ರೂಪಿಸಿದ ಎಚ್‌ಮ್ಯಾಕ್ 1997ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಜ್ಞಾನದ ದಾಖಲೆ ಸರಣಿ) 2104 ಆಗಿ ಪ್ರಕಟವಾಗಿತ್ತು. ಅದು ಎರಡು ಸುತ್ತು ಹ್ಯಾಶ್ ಮಾಡುತ್ತದೆ. 64 ಬೈಟ್‌ಗೆ ಹಿಗ್ಗಿಸಿದ ಕೀಯನ್ನು ಹೆಕ್ಸ್ (ಹದಿನಾರರ ಎಣಿಕೆ) 36ರ ಜೊತೆ ಎಕ್ಸಾರ್ (ಬಿಟ್‌ಗಳನ್ನು ಬೆರೆಸುವ ಲೆಕ್ಕ) ಮಾಡಿ ಸಂದೇಶದ ಮುಂದಿಟ್ಟು ಒಂದು ಸುತ್ತು. ಅದೇ ಕೀಯನ್ನು ಹೆಕ್ಸ್ 5ಸಿ ಜೊತೆ ಎಕ್ಸಾರ್ ಮಾಡಿ ಮೊದಲ ಸುತ್ತಿನ ಉತ್ತರದ ಮುಂದಿಟ್ಟು ಇನ್ನೊಂದು ಸುತ್ತು. ಒಳಸುತ್ತಿನ ಸ್ಥಿತಿ ಹೊರಗೆ ಕಾಣುವುದೇ ಇಲ್ಲವಾದ್ದರಿಂದ ಬಾಲ ಬೆಳೆಸುವ ದಾರಿ ಮುಚ್ಚಿಹೋಗುತ್ತದೆ. ಇದನ್ನು ನಾವೇ ಬರೆಯಬೇಕಿಲ್ಲ, ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಯಲ್ಲೂ ಇದೆ.

ಗಣಿತ ಇಷ್ಟು ಗಟ್ಟಿಯಾಗಿದ್ದೂ ಎಪಿಐ ಜೋಡಿಸುವವರು ದಿನಗಟ್ಟಲೆ ‘ಸಹಿ ತಾಳೆಯಾಗುತ್ತಿಲ್ಲ’ ಎಂದು ಒದ್ದಾಡುತ್ತಾರೆ. ಕಾರಣ ಇಷ್ಟೇ: ಸಹಿ ಬೀಳುವುದು ಅರ್ಥದ ಮೇಲಲ್ಲ, ಬೈಟ್‌ಗಳ ಮೇಲೆ. ನಮ್ಮ ಲಿಪಿಯಲ್ಲೇ ಇದನ್ನು ಹತ್ತಿರದಿಂದ ನೋಡೋಣ. ‘ಕೋಲಾರ’ ಎಂಬ ಊರಿನ ಹೆಸರು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್: ಕ, ಓಕಾರದ ಚಿಹ್ನೆ, ಲ, ಆಕಾರದ ಚಿಹ್ನೆ, ರ, ಒಂದೊಂದಕ್ಕೆ 3 ಬೈಟ್. ಆದರೆ ಯೂನಿಕೋಡ್ ಓಕಾರವನ್ನು ಬಿಡಿಸಿ ಬರೆಯಲೂ ಅವಕಾಶ ಕೊಟ್ಟಿದೆ. ಎತ್ವ, ಊಕಾರ, ದೀರ್ಘ, ಹೀಗೆ ಮೂರು ಚಿಹ್ನೆ. ಆಗ ಅದೇ ಹೆಸರು 21 ಬೈಟ್ ಆಗುತ್ತದೆ, ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಪ್ರೋಗ್ರಾಮ್‌ಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪವಾದ ಜೇಸನ್ ಒಳಗೆ ಪ್ರತಿ ಸಂಕೇತವನ್ನೂ ಆರು ಅಕ್ಷರಗಳ ಎಸ್ಕೇಪ್ ರೂಪದಲ್ಲಿ ಬರೆದರೆ 30 ಬೈಟ್. ವೆಬ್ ವಿಳಾಸದೊಳಗೆ ಶೇಕಡಾ ಚಿಹ್ನೆಯ ರೂಪಕ್ಕೆ ಬದಲಿಸಿದರೆ 45. ಓದುವವರಿಗೆ ನಾಲ್ಕೂ ಕೋಲಾರವೇ, ಹ್ಯಾಶ್‌ಗೆ ಮಾತ್ರ ನಾಲ್ಕು ಬೇರೆ ಬೇರೆ ಸಂದೇಶ.

ತೊಂದರೆ ಬರುವುದು ಒಂದೊಂದು ಪ್ರೋಗ್ರಾಮಿಂಗ್ ಭಾಷೆಯ ಅಭ್ಯಾಸ ಒಂದೊಂದಾಗಿರುವುದರಿಂದ. ಪೈಥಾನ್ ಜೇಸನ್ ಬರೆಯುವಾಗ ತಾನಾಗಿಯೇ ಕನ್ನಡವನ್ನು ಎಸ್ಕೇಪ್ ಮಾಡುತ್ತದೆ, ಅಲ್ಪವಿರಾಮ ಮತ್ತು ಕೋಲನ್‌ಗಳ ನಂತರ ಒಂದು ಖಾಲಿ ಜಾಗವನ್ನೂ ಬಿಡುತ್ತದೆ. ಪಿಎಚ್‌ಪಿ ಕನ್ನಡವನ್ನು ಎಸ್ಕೇಪ್ ಮಾಡುವುದಲ್ಲದೆ ಓರೆಗೆರೆಗಳಿಗೆ ಮೊದಲು ಒಂದು ಹಿಮ್ಮುಖ ಓರೆಗೆರೆ ಸೇರಿಸುತ್ತದೆ. ಜಾವಾಸ್ಕ್ರಿಪ್ಟ್ ಇದ್ಯಾವುದನ್ನೂ ಮಾಡುವುದಿಲ್ಲ, ಆದರೆ ಓದಿ ಮತ್ತೆ ಬರೆಯುವಾಗ 100.0 ಎಂಬುದನ್ನು 100 ಮಾಡಿಬಿಡುತ್ತದೆ. ಆದ್ದರಿಂದ ಕಳಿಸುವವರು ಜೇಸನ್‌ಅನ್ನು ಒಂದೇ ಸಲ ಬರೆದು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಂಡು, ಅದಕ್ಕೇ ಸಹಿ ಹಾಕಿ, ಅದನ್ನೇ ಕಳಿಸಬೇಕು. ಸಹಿಗೊಮ್ಮೆ, ಕಳಿಸಲಿಕ್ಕೊಮ್ಮೆ ಬರೆಯಬಾರದು. ಪಡೆಯುವವರು ಬಂದ ಬೈಟ್‌ಗಳನ್ನು ಬಂದ ಹಾಗೆಯೇ ಇಟ್ಟುಕೊಂಡು ಮೊದಲು ಸಹಿ ನೋಡಿ, ಆಮೇಲೆ ಜೇಸನ್ ಬಿಡಿಸಬೇಕು. ನೋಡ್‌ನಲ್ಲಿ (ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಎಕ್ಸ್‌ಪ್ರೆಸ್ ಎಂಬ ಚೌಕಟ್ಟು ಬಳಸುವವರ ವೆಬ್‌ಹುಕ್ (ಬೇರೆ ಸೇವೆ ತಾನಾಗಿಯೇ ಕಳಿಸುವ ಸುದ್ದಿ) ಕೆಡುವುದು ಹೆಚ್ಚಾಗಿ ಇಲ್ಲೇ. ರಿಕ್ವೆಸ್ಟನ್ನು ನಡುವೆ ಹಿಡಿದು ಜೇಸನ್ ಬಿಡಿಸುವ ಮಿಡಲ್‌ವೇರ್ ಮೊದಲೇ ಓಡಿ ಮೂಲ ಬೈಟ್‌ಗಳನ್ನು ನುಂಗಿಬಿಟ್ಟಿರುತ್ತದೆ. ವೆಬ್‌ಹುಕ್ ದಾರಿಗೆ ಮಾತ್ರ ರಾ ಬಾಡಿ (ರಿಕ್ವೆಸ್ಟಿನ ಒಡಲಿನ ಮೂಲ ಬೈಟ್‌ಗಳು) ಉಳಿಸುವ ವ್ಯವಸ್ಥೆ ಮಾಡಿದರೆ ಸರಿಹೋಗುತ್ತದೆ.

ವೆಬ್ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಕ್ವೆರಿಯಲ್ಲೂ ಇದೇ ಪಾಡು. ಖಾಲಿ ಜಾಗವನ್ನು ಕೆಲವು ಫಂಕ್ಷನ್‌ಗಳು + ಎಂದು, ಕೆಲವು %20 ಎಂದು ಬರೆಯುತ್ತವೆ. ಜಾವಾಸ್ಕ್ರಿಪ್ಟಿನ ಎನ್‌ಕೋಡ್ ಫಂಕ್ಷನ್ ಆಶ್ಚರ್ಯ ಚಿಹ್ನೆ, ಕಂಸ, ನಕ್ಷತ್ರ ಚಿಹ್ನೆಗಳನ್ನು ಮುಟ್ಟುವುದಿಲ್ಲ, ಆದರೆ ಅಮೆಜಾನ್ ಕ್ಲೌಡಿನ ಸಹಿ ನಿಯಮಕ್ಕೆ ಅವೂ ಬದಲಾಗಬೇಕು. ಆ ನಿಯಮದ ನಾಲ್ಕನೆಯ ಆವೃತ್ತಿ, ಸಿಗ್‌ವಿ4, ಇಂಥ ಗೊಂದಲಕ್ಕೆ ಎಡೆಯಿಲ್ಲದಂತೆ ಎಲ್ಲವನ್ನೂ ಬರೆದಿಟ್ಟಿದೆ: ಮೆಥಡ್, ಪಾಥ್, ಹೆಸರಿನ ಪ್ರಕಾರ ಜೋಡಿಸಿದ ಕ್ವೆರಿ, ಸಣ್ಣಕ್ಷರದ ಹೆಡರ್‌ಗಳು, ಸಹಿಗೆ ಸೇರಿದ ಹೆಡರ್‌ಗಳ ಪಟ್ಟಿ, ಬಾಡಿಯ ಹ್ಯಾಶ್, ಸಾಲಿಗೊಂದರಂತೆ. ಸಹಿ ಹಾಕುವ ಕೀಯೂ ಮೂಲ ಕೀಯಲ್ಲ. ಮೂಲ ಕೀಯಿಂದ ತಾರೀಖು, ಪ್ರದೇಶ, ಸೇವೆ, ಒಂದು ನಿಗದಿತ ಪದ, ಹೀಗೆ ನಾಲ್ಕು ಮೆಟ್ಟಿಲು ಎಚ್‌ಮ್ಯಾಕ್ ಮಾಡಿ ಬಂದದ್ದು. ಅದು ಸೋರಿದರೂ ಆ ದಿನದ, ಆ ಪ್ರದೇಶದ, ಆ ಒಂದು ಸೇವೆಗಷ್ಟೇ ಕುತ್ತು.

ಆ ತಾರೀಖು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಪ್ರಕಾರದ್ದು ಎಂಬುದನ್ನು ಭಾರತದಲ್ಲಿ ಕೂತು ಕೋಡ್ ಬರೆಯುವವರು ಮರೆಯುವುದುಂಟು. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿದೆ. ಪೂರ್ತಿ ಸಮಯವನ್ನೇ ಸ್ಥಳೀಯವಾಗಿ ಬರೆದರೆ ಎಲ್ಲ ರಿಕ್ವೆಸ್ಟೂ ತಿರಸ್ಕೃತವಾಗುತ್ತದೆ, ದೋಷ ಕೂಡಲೇ ಗೊತ್ತಾಗುತ್ತದೆ. ಸಮಯ ಯುಟಿಸಿಯಲ್ಲಿದ್ದು, ಕೀಗೆ ಹಾಕುವ ತಾರೀಖು ಮಾತ್ರ ಸ್ಥಳೀಯವಾಗಿದ್ದರೆ ಪತ್ತೆ ಕಷ್ಟ. ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಯುಟಿಸಿಯಲ್ಲಿ ಇನ್ನೂ ನಿನ್ನೆಯ ತಾರೀಖು. ಆ ಹೊತ್ತಿನಲ್ಲಿ ಮಾತ್ರ ಸಹಿ ತಪ್ಪುತ್ತದೆ. ರಾತ್ರಿ ಎರಡಕ್ಕೆ ಓಡುವ ಬ್ಯಾಕಪ್ ಸ್ಕ್ರಿಪ್ಟ್ ದಿನವೂ ಸೋಲುತ್ತಿರುತ್ತದೆ, ಹಗಲು ಪರೀಕ್ಷಿಸಿದರೆ ಸರಿಯಾಗಿ ಓಡುತ್ತದೆ. ಕಳಿಸುವ ಸರ್ವರಿನ ಗಡಿಯಾರ ಮುಂದೆ ಓಡಿದರೂ ಹಿಂದೆ ಬಿದ್ದರೂ ತೊಂದರೆಯೇ. ಅಮೆಜಾನಿನ ಫೈಲ್ ಸಂಗ್ರಹದ ಎಸ್3 ಸೇವೆ 15 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪುವುದಿಲ್ಲ. ಈ ಮಿತಿ ಇರುವುದು ಕದ್ದ ರಿಕ್ವೆಸ್ಟನ್ನು ನಾಳೆ ಮತ್ತೆ ಕಳಿಸದಿರಲಿ ಎಂದು. 15 ನಿಮಿಷದೊಳಗೆ ಕಳಿಸಿದರೆ? ಹಣದ ವ್ಯವಹಾರವಾದರೆ ಪ್ರತಿ ರಿಕ್ವೆಸ್ಟಿಗೂ ಒಂದು ಯಾದೃಚ್ಛಿಕ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಸೇರಿಸಿ ಅದಕ್ಕೂ ಸಹಿ ಹಾಕಬೇಕು, ಪಡೆದವರು ಆ ಅವಧಿಯಷ್ಟು ಕಾಲ ಅದನ್ನು ನೆನಪಿಟ್ಟುಕೊಂಡು ಎರಡನೆಯ ಸಲ ಬಂದರೆ ತಳ್ಳಬೇಕು.

ಬ್ರೌಸರಿನ ಕಡೆ ನಿಯಮ ಒಂದೇ: ಸೀಕ್ರೆಟ್ ಕೀ ಅಲ್ಲಿಗೆ ಹೋಗಲೇಬಾರದು. ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟಿದ್ದೇವೆ ಎಂಬ ಸಮಾಧಾನ ಇಲ್ಲಿ ನಡೆಯದು. ವೀಟ್‌ನಂಥ ಬಿಲ್ಡ್ ಸಾಧನಗಳು ಹೆಸರಿನ ಮೊದಲಿಗೆ ನಿಗದಿತ ಪದ ಇರುವ ವೇರಿಯಬಲ್‌ಗಳ ಬೆಲೆಯನ್ನು ಬ್ರೌಸರಿಗೆ ಹೋಗುವ ಕೋಡಿನ ಬಂಡಲ್ ಒಳಗೇ ಅಚ್ಚು ಹಾಕುತ್ತವೆ, ಪುಟ ತೆರೆದ ಯಾರಿಗೂ ಅದು ಸಿಗುತ್ತದೆ. ಸರಿಯಾದ ದಾರಿ ಸಹಿಯನ್ನು ಸರ್ವರ್ ಹಾಕಿ ಬ್ರೌಸರಿಗೆ ಕೊಡುವುದು. ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಬೇಕೆಂದರೆ ಸರ್ವರ್ ಲಾಗಿನ್ ನೋಡಿ ಒಂದು ಪ್ರಿಸೈನ್ಡ್ ಯುಆರ್‌ಎಲ್ (ಮೊದಲೇ ಸಹಿ ಹಾಕಿದ ವೆಬ್ ವಿಳಾಸ) ಕೊಡುತ್ತದೆ, ಬ್ರೌಸರ್ ನೇರ ಎಸ್3ಗೆ ಕಳಿಸುತ್ತದೆ. ಸಿಗ್‌ವಿ4ನಲ್ಲಿ ಇದರ ಗರಿಷ್ಠ ಆಯಸ್ಸು 7 ದಿನ, ಅಂದರೆ 604800 ಸೆಕೆಂಡ್. ಅಪ್‌ಲೋಡಿಗೆ ಐದು ನಿಮಿಷ ಕೊಟ್ಟರೆ ಧಾರಾಳ. ಸಹಿಗೆ ಕಂಟೆಂಟ್-ಟೈಪ್ (ಫೈಲಿನ ಬಗೆ ಹೇಳುವ ಹೆಡರ್) ಸೇರಿಸಿದ್ದರೆ ಬ್ರೌಸರ್ ಅದೇ ಬೆಲೆಯನ್ನು ಅಕ್ಷರಶಃ ಕಳಿಸಬೇಕು.

ಇನ್ನು ಕಾರ್ಸ್, ಅಂದರೆ ಒಂದು ತಾಣದ ಪುಟ ಬೇರೆ ತಾಣದಿಂದ ಮಾಹಿತಿ ಕೇಳುವಾಗ ಬ್ರೌಸರ್ ಪಾಲಿಸುವ ನಿಯಮ. ಬೇರೆ ಡೊಮೈನಿಗೆ ಆಥರೈಸೇಶನ್ ಹೆಡರ್ ಜೊತೆ ರಿಕ್ವೆಸ್ಟ್ ಕಳಿಸುವ ಮೊದಲು ಬ್ರೌಸರ್ ಆಪ್ಷನ್ಸ್ ಮೆಥಡ್‌ನಲ್ಲಿ ಅನುಮತಿ ಕೇಳುತ್ತದೆ. ಆ ಕೇಳಿಕೆಯಲ್ಲಿ ಸಹಿ ಇರುವುದಿಲ್ಲ. ಸರ್ವರ್ ಅದಕ್ಕೂ ಸಹಿ ಕೇಳಿ 401 ಕೊಟ್ಟರೆ ನಿಜವಾದ ರಿಕ್ವೆಸ್ಟ್ ಹೊರಡುವುದೇ ಇಲ್ಲ. ಅನುಮತಿಸಿದ ಹೆಡರ್‌ಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಆಥರೈಸೇಶನ್ ಅದರಲ್ಲಿ ಸೇರುವುದಿಲ್ಲ, ಹೆಸರನ್ನು ಬಿಡಿಸಿ ಬರೆಯಬೇಕು. ತಪ್ಪು ಸಹಿಗೆ ಸರ್ವರ್ ಕೊಡುವ 403 ಉತ್ತರದಲ್ಲಿ ಕಾರ್ಸ್ ಹೆಡರ್ ಇಲ್ಲದಿದ್ದರೂ ಕನ್ಸೋಲಿನಲ್ಲಿ ಕಾರ್ಸ್ ದೋಷವೆಂದೇ ಕಾಣುತ್ತದೆ. ಅದೇ ರಿಕ್ವೆಸ್ಟನ್ನು ಬ್ರೌಸರಿನ ಹೊರಗೆ ಓಡುವ ಕರ್ಲ್ ಎಂಬ ಸಾಧನದಲ್ಲಿ ಕಳಿಸಿ ನೋಡಿದರೆ ಅಸಲಿ ಉತ್ತರ ಸಿಗುತ್ತದೆ.

ಸಹಿಗಳನ್ನು ಹೋಲಿಸಲು ಎರಡು ಸಮ ಚಿಹ್ನೆ (==) ಬಳಸಬೇಡಿ. ಮೊದಲ ವ್ಯತ್ಯಾಸ ಕಂಡಲ್ಲೇ ಅದು ನಿಂತುಬಿಡುವುದರಿಂದ ತಗಲಿದ ಸಮಯವೇ ಸುಳಿವಾಗಬಹುದು. ಇದಕ್ಕೆಂದೇ ಪೈಥಾನಿನಲ್ಲಿ ಕಂಪೇರ್-ಡೈಜೆಸ್ಟ್, ಪಿಎಚ್‌ಪಿಯಲ್ಲಿ ಹ್ಯಾಶ್-ಈಕ್ವಲ್ಸ್, ನೋಡ್‌ನಲ್ಲಿ ಟೈಮಿಂಗ್-ಸೇಫ್-ಈಕ್ವಲ್ ಇವೆ. ನೋಡ್‌ನದ್ದು ಎರಡರ ಉದ್ದ ಬೇರೆಯಾದರೆ ದೋಷ ಎಸೆಯುತ್ತದೆ, ಉದ್ದವನ್ನು ಮೊದಲೇ ನೋಡಿಕೊಳ್ಳಬೇಕು.

ತಾಳೆಯಾಗದ ಸಹಿ ಎದುರಿಗಿದ್ದರೆ ಊಹಿಸುತ್ತ ಕೂರಬೇಡಿ. ಮೊದಲು ಆರ್‌ಎಫ್‌ಸಿ 4231ರಲ್ಲಿ ಕೊಟ್ಟಿರುವ ಕೀ, ಸಂದೇಶ, ಉತ್ತರಗಳನ್ನು ನಿಮ್ಮ ಫಂಕ್ಷನಿಗೆ ಹಾಕಿ. ಅಲ್ಲಿ ಸರಿಬಂದರೆ ತಪ್ಪು ಲೆಕ್ಕದಲ್ಲಿಲ್ಲ. ಆಮೇಲೆ ಎರಡೂ ಕಡೆ ಸಹಿ ಹಾಕಿದ ಸಂದೇಶದ ಬೈಟ್ ಉದ್ದ ಮುದ್ರಿಸಿ. ಒಂದೇ ಬೈಟ್ ಹೆಚ್ಚಿದ್ದರೆ ಅದು ಬಹುತೇಕ ಕೊನೆಯ ಹೊಸಸಾಲು, ಶೆಲ್‌ನ ಎಕೋ ಸೇರಿಸಿದ್ದು. ಉದ್ದ ಸಮವಿದ್ದರೆ ಹೆಕ್ಸ್‌ನಲ್ಲಿ ಸಾಲು ಸಾಲಾಗಿ ಹೋಲಿಸಿ. ಎಸ್3 ಸೇವೆಯಂತೂ ತಾನು ಯಾವ ಸಂದೇಶಕ್ಕೆ ಸಹಿ ಲೆಕ್ಕ ಹಾಕಿದೆ ಎಂಬುದನ್ನು ದೋಷದ ಉತ್ತರದಲ್ಲೇ ಬೈಟ್ ಸಮೇತ ಕಳಿಸುತ್ತದೆ, ಓದಬೇಕಷ್ಟೆ. ಸಂದೇಶವೂ ಒಂದೇ ಎಂದಾದರೆ ಉಳಿಯುವುದು ಕೀ. ಅಂಟಿಸುವಾಗ ಖಾಲಿ ಜಾಗ ಸೇರಿತೇ, ಬೇಸ್64 ರೂಪದಲ್ಲಿ ಕೊಟ್ಟ ಕೀಯನ್ನು ಬಿಡಿಸಿ ಬಳಸಬೇಕಿತ್ತೇ, ಪರೀಕ್ಷೆಯ ಕೀಯನ್ನು ಅಸಲಿ ಖಾತೆಗೆ ಹಾಕಿದೆವೇ ಎಂದು ನೋಡಿ. ಲಾಗ್‌ನಲ್ಲಿ ಕೀಯ ಉದ್ದ ಬರೆಯಿರಿ, ಕೀಯನ್ನಲ್ಲ. ಅಕಸ್ಮಾತ್ ಅದು ಲಾಗ್‌ಗೋ ಗಿಟ್‌ಗೋ ಸೇರಿಹೋದರೆ ಆ ಸಾಲು ಅಳಿಸಿದ್ದರಿಂದ ಪ್ರಯೋಜನವಿಲ್ಲ, ಕೋಡಿನ ಇತಿಹಾಸ ಕಾಯುವ ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಮೊದಲು ಹೊಸ ಕೀ ತೆಗೆದು ಸರ್ವರಿಗೆ ಹಾಕಿ, ಹಳೆಯದನ್ನು ಆ ಕೂಡಲೇ ರದ್ದು ಮಾಡಿ.