ಹಳೇ ಡೊಮೇನ್ 2022ಕ್ಕೆ ಏರಿಸುವಾಗ ಸಿಸ್‌ವಾಲ್ ಹತ್ತಿರ ಎಡವಿದ್ದು

ನಮ್ಮ ಆಫೀಸಿನ ಡೊಮೇನನ್ನು ವಿಂಡೋಸ್ ಸರ್ವರ್ 2022ಕ್ಕೆ ಏರಿಸುವ ಕೆಲಸ ಮುಗಿದು ಎರಡೇ ದಿನ ಆಗಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುತ್ತಿರುವವರಿಗೂ ಆಗಲಿ.

ನಮ್ಮಲ್ಲಿ ಇದ್ದದ್ದು ಎರಡು ಡೊಮೇನ್ ಕಂಟ್ರೋಲರ್, ಅಂದರೆ ಎಲ್ಲರ ಲಾಗಿನ್, ಪಾಸ್‌ವರ್ಡ್ ನೋಡಿಕೊಳ್ಳುವ ಸರ್ವರ್. ಕೋಲಾರದ ಆಫೀಸಿನಲ್ಲಿ ಒಂದು, ಮುಳಬಾಗಿಲು ಶಾಖೆಯಲ್ಲಿ ಒಂದು. ಎರಡೂ ವಿಂಡೋಸ್ ಸರ್ವರ್ 2008 ಆರ್2, ಅಂದರೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿರುವ ಸರಕು. ಅದೇ ಮಷಿನ್ ಮೇಲೆ 2022 ಹಾಕಲು ನೇರ ದಾರಿ ಇಲ್ಲ. ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿ, ಅದನ್ನು ಕಂಟ್ರೋಲರ್ ಮಾಡಿ, ಹಳೇದನ್ನು ಇಳಿಸಬೇಕು. 2025ಕ್ಕೇ ಹಾರೋಣ ಅನ್ನಬೇಡಿ, ಅದಕ್ಕೆ ಡೊಮೇನಿನ ಫಂಕ್ಷನಲ್ ಲೆವೆಲ್ (ಯಾವ ಆವೃತ್ತಿಯ ಸೌಲಭ್ಯದವರೆಗೆ ಬಳಸಬಹುದು ಅನ್ನುವ ಮಟ್ಟ) ಮೊದಲೇ 2016 ಇರಬೇಕು.

ಹೊಸ ಸರ್ವರಿಗೆ ರೋಲ್ ಹಾಕಿ, ಅದನ್ನು ಕಂಟ್ರೋಲರ್ ಮಾಡುವ ಪ್ರಮೋಟ್ ಒತ್ತಿದೆ. ಸ್ಕೀಮಾವನ್ನು (ಡೊಮೇನಿನ ಮಾಹಿತಿಯ ನಕ್ಷೆ) ಆವೃತ್ತಿ 47ರಿಂದ 88ಕ್ಕೆ ಏರಿಸುವ ಕೆಲಸ ವಿಜಾರ್ಡೇ ಮಾಡಿಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲೇ, ತಪಾಸಣೆಯಲ್ಲೇ ಕೆಂಪು ಗುರುತು ಬಂತು: ಈ ಡೊಮೇನ್ ಸಿಸ್‌ವಾಲ್ ಅನ್ನುವ ಫೋಲ್ಡರಿಗೆ ಇನ್ನೂ ಎಫ್‌ಆರ್‌ಎಸ್ (ಫೈಲ್ ನಕಲು ಮಾಡುವ ಹಳೇ ಸೇವೆ) ಬಳಸುತ್ತಿದೆ.

ನಾನು ಸಿಕ್ಕಿಬಿದ್ದದ್ದು ಇಲ್ಲೇ. ನಮ್ಮ ಫಂಕ್ಷನಲ್ ಲೆವೆಲ್ 2008 ಆರ್2 ಅಂತ ಕಣ್ಣಾರೆ ನೋಡಿದ್ದೆ. 2008ರಿಂದ ಅದರ ಜಾಗಕ್ಕೆ ಡಿಎಫ್‌ಎಸ್‌ಆರ್ ಅನ್ನುವ ಹೊಸ ಸೇವೆ ಬಂದಿದೆ ಅಂತ ಓದಿದ್ದೆ. ಹಾಗಿದ್ದ ಮೇಲೆ ಎಫ್‌ಆರ್‌ಎಸ್ ಎಲ್ಲಿಂದ ಬಂತು? ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು.

ವಿಷಯ ಇಷ್ಟೇ. ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಹಾಕುವ ನಿಯಮ), ಲಾಗಾನ್ ಸ್ಕ್ರಿಪ್ಟ್ ಎಲ್ಲ ಇರುವ ಫೋಲ್ಡರ್ ಸಿಸ್‌ವಾಲ್. ಅದು ಎಲ್ಲ ಕಂಟ್ರೋಲರ್‌ಗಳಲ್ಲೂ ಒಂದೇ ಥರ ಇರಬೇಕು, ಆ ನಕಲು ಮಾಡುವ ಕೆಲಸ ಮೊದಲು ಎಫ್‌ಆರ್‌ಎಸ್‌ನದು. ಡೊಮೇನ್ 2008ರ ಲೆವೆಲ್‌ನಲ್ಲೇ ಹುಟ್ಟಿದ್ದರೆ ಡಿಎಫ್‌ಎಸ್‌ಆರ್ ತಾನಾಗೇ ಬರುತ್ತದೆ. ನಮ್ಮದು ಹುಟ್ಟಿದ್ದು 2003ರ ಸರ್ವರ್ ಮೇಲೆ. ಆಮೇಲೆ ಯಾರೋ ಲೆವೆಲ್ ಏರಿಸಿದ್ದಾರೆ, ಸಿಸ್‌ವಾಲ್ ಮುಟ್ಟಿಲ್ಲ. ಲೆವೆಲ್ ಏರಿಸಿದರೆ ಸಿಸ್‌ವಾಲ್ ಬದಲಾಗುವುದಿಲ್ಲ. ಬದಲಾಯಿಸಲು ಅನುಮತಿ ಸಿಗುತ್ತದೆ, ಅಷ್ಟೇ. ಬದಲಾಯಿಸುವುದು ನಾವೇ, ಡಿಎಫ್‌ಎಸ್‌ಆರ್‌ಮಿಗ್ ಅನ್ನುವ ಕಮಾಂಡಿನಿಂದ.

ಅದಕ್ಕೆ ನಾಲ್ಕು ಸ್ಥಿತಿ: 0, 1, 2, 3. ನನಗೆ ತಲೆಗೆ ಹತ್ತಿದ್ದು ಕಾಲುವೆ ಅಂತ ಯೋಚಿಸಿದ ಮೇಲೆ. 0 ಅಂದರೆ ಹಳೇ ಕಾಲುವೆ ಒಂದೇ. 1, ಪ್ರಿಪೇರ್ಡ್: ಪಕ್ಕದಲ್ಲಿ ಹೊಸ ಕಾಲುವೆ ತೋಡಿ ನೀರು ಬಿಟ್ಟಿದ್ದೀರಿ, ಆದರೆ ಗದ್ದೆಗೆ ಹೋಗುತ್ತಿರುವುದು ಇನ್ನೂ ಹಳೇದರ ನೀರೇ. 2, ರಿಡೈರೆಕ್ಟೆಡ್: ಗದ್ದೆಯ ತೂಬನ್ನು ಹೊಸದಕ್ಕೆ ತಿರುಗಿಸಿದ್ದೀರಿ, ಹಳೇದರಲ್ಲೂ ನೀರು ಇದೆ. 3, ಎಲಿಮಿನೇಟೆಡ್: ಹಳೇದಕ್ಕೆ ಮಣ್ಣು ಮುಚ್ಚಿದಿರಿ. 2ರವರೆಗೆ ಹಿಂದೆ ಬರಬಹುದು, 3 ಆದ ಮೇಲೆ ವಾಪಸ್ ಇಲ್ಲ. ಈ ಮಧ್ಯೆ ಗ್ರೂಪ್ ಪಾಲಿಸಿಗೆ ಕೈ ಹಾಕಬೇಡಿ. 2ರಲ್ಲಿ ಮಾಡಿದ ತಿದ್ದುಪಡಿ ಹೊಸ ಕಾಲುವೆಯಲ್ಲಿ ಮಾತ್ರ ಇರುತ್ತದೆ, 1ಕ್ಕೆ ಮರಳಿದರೆ ಅದು ಕಾಣಿಸುವುದಿಲ್ಲ.

ಡಿಎಫ್‌ಎಸ್‌ಆರ್‌ಮಿಗ್‌ಗೆ ಸೆಟ್‌ಗ್ಲೋಬಲ್‌ಸ್ಟೇಟ್ 1 ಕೊಟ್ಟ ತಕ್ಷಣ ‘ಯಶಸ್ವಿ’ ಅನ್ನುತ್ತದೆ. ನಂಬಬೇಡಿ! ಆದೇಶ ಹೊರಟಿದೆ ಅಂತ ಮಾತ್ರ ಅದರ ಅರ್ಥ. ಕೆ.ಸಿ. ವ್ಯಾಲಿ ನೀರು (ಕೋಲಾರದ ಕೆರೆಗಳಿಗೆ ಬಿಡುವ ಬೆಂಗಳೂರಿನ ಸಂಸ್ಕರಿಸಿದ ನೀರು) 2018ರಲ್ಲಿ ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ, ಅದು ತುಂಬಿ ಕೋಡಿ ಹರಿದ ಮೇಲೆ ತಾನೇ ಮುಂದಿನ ಕೆರೆ? ಇಲ್ಲೂ ಹಾಗೇ, ಒಂದೊಂದು ಕಂಟ್ರೋಲರ್‌ಗೂ ಸುದ್ದಿ ಮುಟ್ಟಿ ಅದು ತನ್ನ ಕೆಲಸ ಮುಗಿಸಬೇಕು. ಗೆಟ್‌ಮೈಗ್ರೇಶನ್‌ಸ್ಟೇಟ್ ಕೊಟ್ಟು, ಎಲ್ಲವೂ ತಲುಪಿವೆ ಅಂತ ಅದು ಹೇಳುವವರೆಗೆ ಮುಂದಿನ ಅಂಕಿ ಕೊಡಬೇಡಿ.

ನಾನು ಮಧ್ಯಾಹ್ನದಿಂದ ಕಾದೆ. ಮುಳಬಾಗಿಲು ಕಂಟ್ರೋಲರ್ ಸೇರಿಕೊಂಡಿತು. ಆದರೂ ಪಟ್ಟಿಯಲ್ಲಿ ಒಂದು ಹೆಸರು ಹಾಗೇ ಉಳಿಯಿತು, ಅದು ಬಂಗಾರಪೇಟೆಯದು. ಆ ಶಾಖೆ ಮುಚ್ಚಿ ವರ್ಷಗಳಾಗಿವೆ, ಸರ್ವರ್ ಗುಜರಿಗೆ ಹೋಗಿದೆ. ಡಿಮೋಟ್ ಮಾಡದೆ, ಅಂದರೆ ಕಂಟ್ರೋಲರ್ ಕೆಲಸದಿಂದ ಇಳಿಸದೆ, ಸುಮ್ನೆ ವೈರ್ ಕಿತ್ತಿದ್ದರು. ಕಂದಾಯ ದಾಖಲೆಯಲ್ಲಿ ಕೆರೆ, ಹೋಗಿ ನೋಡಿದರೆ ಲೇಔಟ್! ಯೂಸರ್ಸ್ ಅಂಡ್ ಕಂಪ್ಯೂಟರ್ಸ್‌ನಲ್ಲಿ ಡೊಮೇನ್ ಕಂಟ್ರೋಲರ್ಸ್ ಒಳಗೆ ಅದನ್ನು ಡಿಲೀಟ್ ಮಾಡಿ, ಶಾಶ್ವತವಾಗಿ ಆಫ್‌ಲೈನ್ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಸೈಟ್ಸ್ ಅಂಡ್ ಸರ್ವೀಸಸ್‌ನಲ್ಲೂ, ಡಿಎನ್‌ಎಸ್‌ನಲ್ಲೂ ಉಳಿದಿದ್ದನ್ನು ಗುಡಿಸಿದೆ. ಸ್ವಲ್ಪ ಹೊತ್ತಿಗೆ ಸ್ಥಿತಿ 1 ಪೂರ್ತಿ ಆಯಿತು. 2, 3 ಆಮೇಲೆ ತೊಂದರೆ ಕೊಡಲಿಲ್ಲ.

ಉಳಿದದ್ದು ಸಲೀಸು. ಪ್ರಮೋಟ್ ಆಯಿತು, ಐದು ಎಫ್‌ಎಸ್‌ಎಂಒ ರೋಲ್ (ಒಂದೊಂದೂ ಒಂದೇ ಕಂಟ್ರೋಲರ್ ಹೊರುವ ವಿಶೇಷ ಹೊಣೆ) ಹೊಸದಕ್ಕೆ ಬಂದವು, ನೆಟ್‌ಡಮ್ ಕ್ವೆರಿ ಕಮಾಂಡಿನಲ್ಲಿ ಖಾತ್ರಿ ಮಾಡಿಕೊಂಡೆ. ಅವುಗಳಲ್ಲಿ ಡೊಮೇನಿನ ಗಡಿಯಾರಕ್ಕೆ ಆಧಾರವಾದ ಪಿಡಿಸಿ ರೋಲ್ ಜಾಗ ಬದಲಿಸಿದ್ದರಿಂದ ಗಡಿಯಾರದ ಸೆಟ್ಟಿಂಗ್ ಹೊಸದರಲ್ಲಿ ಮತ್ತೆ ಮಾಡಬೇಕು, ಲಾಗಿನ್ ಪರೀಕ್ಷಿಸುವ ಕೆರ್ಬರೋಸ್ ಮಾಮೂಲಿ ಸೆಟ್ಟಿಂಗಿನಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಮುಳಬಾಗಿಲಿಗೂ ಇದೇ ಸಾಲು. ಹಳೇವೆರಡೂ ಇಳಿದ ಮೇಲೆ ಲೆವೆಲ್ 2016ಕ್ಕೆ ಏರಿಸಿದೆ. 2022ಕ್ಕೆ ಅಂತ ಬೇರೆ ಲೆವೆಲ್ ಇಲ್ಲ, ಹುಡುಕಬೇಡಿ.

ಕೊನೆಗೆ ನನಗೆ ಇಷ್ಟವಾದ ಅಡ್ಡದಾರಿ: ಹಳೇ ಸರ್ವರನ್ನು ಸರಿಯಾಗಿ ಡಿಮೋಟ್ ಮಾಡಿ ನೆಟ್‌ವರ್ಕಿನಿಂದ ತೆಗೆದ ಮೇಲೆ, ಅದರ ಐಪಿಯನ್ನೇ ಹೊಸದಕ್ಕೆ ಕೊಡಿ. ಆಮೇಲೆ ರಿಜಿಸ್ಟರ್‌ಡಿಎನ್‌ಎಸ್, ನೆಟ್‌ಲಾಗಾನ್ ರೀಸ್ಟಾರ್ಟ್, ಡಿಸಿಡಯಾಗ್ (ಕಂಟ್ರೋಲರ್ ತಪಾಸಣೆ) ಒಂದು ಸುತ್ತು. ಕಂಪ್ಯೂಟರ್‌ಗಳಿಗೆ ಡಿಎಚ್‌ಸಿಪಿಯಿಂದ (ತಾನಾಗೇ ಐಪಿ ಹಂಚುವ ಸೇವೆ) ಹೊಸ ಸರ್ವರಿನ ವಿಳಾಸ ಕೊಡಬಹುದು, ನಿಜ. ಆದರೆ ನಮ್ಮ ಜೆರಾಕ್ಸ್ ಮಷಿನ್ನಿಗೂ ಹಾಜರಾತಿ ಯಂತ್ರಕ್ಕೂ ಯಾರೋ ಕೈಯಲ್ಲೇ ಹಳೇ ಸರ್ವರಿನ ಐಪಿ ತುಂಬಿದ್ದರು, ಅವುಗಳ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಎರಡೂ ಏನೂ ಆಗೇ ಇಲ್ಲ ಅನ್ನುವ ಹಾಗೆ ನಡೆದವು.